ಮೀನುತೊಟ್ಟಿಗೆ ತಗುಲಿದ ಕಣ್ಣು

ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆದ ಫೌಸ್ತೀನೊ ಉಪ್ಪುನೀರಿನ ಮೀನುತೊಟ್ಟಿಯ ಕಡೆ ತಿರುಗಿದವನು ಅಲ್ಲೇ ಕಲ್ಲಾದ. ನಿನ್ನೆ ಸಂಜೆ ಸಕ್ಕರೆಯಂತೆ ಬೆಳ್ಳಗಿದ್ದ ಮರಳು ಯಾರೋ ಕಾಫಿ ಗಸಿ ಚೆಲ್ಲಿದ ಹಾಗೆ ಕಂದಾಗಿತ್ತು. ಗಾಜಿಗೂ ಅದೇ ಮೆತ್ತಿತ್ತು. ಒಳಗಿದ್ದ ಒಂದೇ ಒಂದು ಕಿತ್ತಳೆ ಮೀನು, ಪಟ್ಟೆ ಅಂಗಿಯ ಕೈದಿಯಂತೆ, ಮಸುಕಿನ ಹಿಂದಿನಿಂದ ಅವನನ್ನೇ ನೋಡುತ್ತಿತ್ತು.

ತೊಟ್ಟಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ವೆರಾಕ್ರೂಸ್ ಬಂದರಿನ ಹಲ್ಲಿನ ಡಾಕ್ಟರ್ ಬಾರ್ರಗಾನರು ಅದನ್ನು ಹೆತ್ತ ಮಗುವಿನಂತೆ ಸಾಕುತ್ತಿದ್ದರು. ಹಲ್ಲಿನವರ ಸಮ್ಮೇಳನಕ್ಕೆಂದು ಬೆಟ್ಟದ ಮೇಲಿನ ಪುಯೆಬ್ಲಾಕ್ಕೆ ಹೊರಡುವಾಗ ಬೆರಳೆತ್ತಿ ಹೇಳಿದ್ದರು: “ಏನೇ ಕಂಡ್ರೂ ಮುಟ್ಬೇಡ. ದೀಪ ಆರಿಸ್ಬೇಡ. ಚಿಟಿಕೆ ಊಟ ಹಾಕು, ಅಷ್ಟೇ.” ಫೌಸ್ತೀನೊ ಮುಟ್ಟಿರಲಿಲ್ಲ, ಆರಿಸಿರಲಿಲ್ಲ. ಆದರೆ ಮೀನಿನ ಮುಖ ಬಾಡಿದಂತೆ ಕಂಡು, ಚಿಟಿಕೆಯ ಬದಲು ಹಿಡಿ ಹಾಕಿದ್ದ.

ಇವನಿಗಿಂತ ಮುಂಚೆ ಈ ಕೌಂಟರಿನಲ್ಲಿ ಕೂರುತ್ತಿದ್ದವನ ಕಾಲದಲ್ಲಿ ಒಂದು ಕುಂಡದ ಗಿಡ ಒಣಗಿತ್ತು. ಡಾಕ್ಟರು ಅವನನ್ನು ರೋಗಿಯ ಕುರ್ಚಿಗೆ ಒರಗಿಸಿ, ಹಲ್ಲು ಕೀಳುವ ಮುನ್ನ ಎಲ್ಲರಿಗೂ ಹೇಳುವ ಅದೇ ಮೆತ್ತನೆಯ ದನಿಯಲ್ಲಿ “ಸ್ವಲ್ಪವೂ ನೋವಾಗಲ್ಲ” ಎಂದು ಕೆಲಸ ಕಿತ್ತಿದ್ದರು. ಗಿಡಕ್ಕೇ ಹಾಗಾದರೆ ಮೀನಿಗೆ? ಹೆಂಡತಿ ಮಾರಿಸೆಲ ಬೇರೆ ಎಚ್ಚರಿಸಿದ್ದಳು: “ಈ ಕೆಲಸಾನೂ ಕಳ್ಕೊಂಡ್ರೆ ಮನೆಗೆ ಬರ್ಬೇಡಿ. ಅಲ್ಲೇ ಮೀನಿನ ಪಕ್ಕ ಮಲ್ಕೊಳ್ಳಿ.”

ಡಾಕ್ಟರು ಬರುವುದು ಮಧ್ಯಾಹ್ನಕ್ಕೆ. ಹೊರಗೆ ಉತ್ತರದ ಗಾಳಿ ಬೀದಿಯ ಬೋರ್ಡುಗಳನ್ನೆಲ್ಲ ಹಿಡಿದು ಅಲುಗಾಡಿಸುತ್ತಿತ್ತು. ಒಳಗೆ ಫೌಸ್ತೀನೊ ಕೌಂಟರಿನಿಂದ ತೊಟ್ಟಿಗೆ, ತೊಟ್ಟಿಯಿಂದ ಕೌಂಟರಿಗೆ ಓಡಾಡತೊಡಗಿದ.

“ಅಯ್ಯಯ್ಯೋ, ಏನ್ ಮಾಡ್ದೆ ಇದಕ್ಕೆ?” ಎಂದಳು ಡಾಕ್ಟರ ಸಹಾಯಕಿ ಯೊಲಾಂದ, ಚೀಲವನ್ನೂ ಇಳಿಸದೆ.

“ನಾನೇನೂ ಮಾಡಿಲ್ಲ!”

“ಕೊಲೆಗಾರರೆಲ್ಲ ಹಾಗೇ ಹೇಳೋದು.” ಅವಳು ಗಾಜಿಗೆ ಮೂಗು ಒತ್ತಿದಳು. “ಪಾಚಿ ಕಣೋ. ಹಲ್ಲಿಗೆ ಕಟ್ಟೋ ಥರಾನೇ ಇದೆ. ಹಲ್ಲಿಗೆ ಏನ್ ಮಾಡ್ತೀವೋ ಅದನ್ನೇ ಮಾಡೋಣ.”

ಮುಟ್ಟಬೇಡ ಎಂದ ಮಾತು ಫೌಸ್ತೀನೊನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಆದರೆ ಮುಟ್ಟದೆ ಬಿಟ್ಟರೆ ಕುರ್ಚಿ ಕಾದಿತ್ತು. ಹಲ್ಲುಜ್ಜುವ ಬ್ರಷ್ ಹಿಡಿದು ತೋಳು ಮುಳುಗಿಸಿ ಗಾಜು ತಿಕ್ಕಿದ. ಯೊಲಾಂದ ರೋಗಿಗಳ ಬಾಯಿಂದ ಉಗುಳು ಎಳೆಯುವ ಕೊಳವೆಯನ್ನು ಮರಳಿನ ಮೇಲೆ ಆಡಿಸಿದಳು. ಕೊಳವೆ ಪಾಚಿಯನ್ನು ಎಳೆಯಿತು, ಮರಳನ್ನು ಎಳೆಯಿತು, ಆಮೇಲೆ “ಗ್ಳಕ್” ಎಂದು ಮೀನಿನ ಬಾಲವನ್ನೂ ಹಿಡಿದುಕೊಂಡಿತು.

“ಆರ್ಸೇ! ಆರ್ಸೇ!” ಫೌಸ್ತೀನೊ ಕಿರುಚಿದ ಹೊಡೆತಕ್ಕೆ, ಮಧ್ಯಾಹ್ನದ ಸರದಿಗೆ ಬೆಳಿಗ್ಗೆಯೇ ಬಂದು ಕೂತಿದ್ದ ರೋಗಿಗಳಿಬ್ಬರೂ ಎದ್ದು ಬಂದರು.

ಮೊದಲನೆಯವರು ದೋನ್ ನಬೋರ್, ಹಡಗಿನ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಒಂದು ಕೆನ್ನೆ ಮಾವಿನಕಾಯಿಯಷ್ಟು ಊದಿ, ಸಕಾರವೆಲ್ಲ ಶಕಾರವಾಗಿತ್ತು. ಈ ಊರಿನ ಕಾಫಿ ಅಂಗಡಿಗಳಲ್ಲಿ ಹಾಲು ಬೇಕೆಂದು ಲೋಟ ಬಡಿದು ಮಾಣಿಯನ್ನು ಕರೆಯುವವರಂತೆ, ಕೈಯಲ್ಲಿದ್ದ ಚಮಚದಿಂದ ತೊಟ್ಟಿಗೆ ಟಿಣ್ ಟಿಣ್ ಬಡಿದರು. “ಶಮುದ್ರ ನೋಡ್ದೋನು ನಾನು. ಹಡಗಿನ ಹೊಟ್ಟೆಗೂ ಹೀಗೇ ಹಿಡಿಯುತ್ತೆ. ಆಮೇಲೆ ಶೀದಾ ಮುಳುಗುತ್ತೆ.”

“ಇದು ಮೀನು, ದೋನ್ ನಬೋರ್. ಮೊದಲೇ ಮುಳುಗಿದೆ,” ಎಂದಳು ಯೊಲಾಂದ.

“ಶರಿ ಬಿಡು. ಶತ್ತರೆ ನನ್ನನ್ನ ಕೇಳ್ಬೇಡ.”

ಎರಡನೆಯವರು ಎಲ್ಲರೂ ಗೌರವದಿಂದ ದೋನ್ಯ ಎಂದು ಕರೆಯುವ ಅಜ್ಜಿ ಕ್ರೂಸಿತ, ಹೊಸ ದಂತಪಂಕ್ತಿಗೆ ಅಳತೆ ಕೊಡಲು ಬಂದವರು. ಮೊಣಕೈಗೆ ಸಂತೆಯ ಬುಟ್ಟಿ. “ಇದು ಕೊಳೆ ಅಲ್ಲ ಮಗಾ, ಕಣ್ಣು! ಇಲ್ಲಿಗೆ ಬರೋರೆಲ್ಲ ಬಾಯಿ ಬಿಟ್ಕೊಂಡು ನೋಡೋದು ಇದನ್ನೇ. ಬಿದ್ದೇ ಬೀಳುತ್ತೆ ಕಣ್ಣು. ನನ್ನ ಮೊಮ್ಮಗಳಿಗೆ ಹೀಗೇ ಆಗಿ ಮೂರು ದಿನ ಹಾಲು ಕಕ್ಕಿತ್ತು.”

ಹೇಳುತ್ತಲೇ ಬುಟ್ಟಿಯಿಂದ ಮೊಟ್ಟೆ ತೆಗೆದು, ತೊಟ್ಟಿಯ ನೆತ್ತಿಯಿಂದ ಬುಡದವರೆಗೆ ಇಳಿ ತೆಗೆಯುತ್ತ, ಸಂತರ ಹೆಸರುಗಳನ್ನು ಗೊಣಗತೊಡಗಿದರು. ಫೌಸ್ತೀನೊಗೆ ಮೊದಲ ಬಾರಿ ಉಸಿರು ಬಂತು. ಮೊಟ್ಟೆ ಹೊರಗಿದೆ, ಮೀನು ಒಳಗಿದೆ, ಯಾರಿಗೂ ಅಪಾಯವಿಲ್ಲ.

“ಈಗ ನೀರಲ್ಲಿ ಒಡೆದು ನೋಡ್ಬೇಕು, ಕಣ್ಣು ಯಾರದು ಅಂತ.”

“ಲೋಟ ತರ್ತೀನಿ, ದೋನ್ಯಾ...”

“ಇಷ್ಟು ನೀರು ಎದುರಿಗೇ ಇರೋವಾಗ ಲೋಟ ಯಾಕೋ?”

ಟಪ್! ಮೊಟ್ಟೆಯ ಹಳದಿ ಭಾಗ ನೀರಿನಲ್ಲಿ ಸಣ್ಣ ಸೂರ್ಯನಂತೆ ಇಳಿಯಿತು. ಬಿಳಿಯದು ಎಳೆಎಳೆಯಾಗಿ ಹರಡಿತು. ಕಡಲಹೂವಿನ ಎಳೆಗಳೊಳಗೆ ಬದುಕುವ ಜಾತಿಯ ಆ ಮೀನು, ಕೊನೆಗೂ ತನ್ನ ಮನೆ ಸಿಕ್ಕಿತೆಂದು ತಿಳಿದು, ಹೋಗಿ ಅದರೊಳಗೆ ಮುದುಡಿ ಮಲಗಿತು. ತೊಟ್ಟಿಗೆ ಬಂದಾಗಿನಿಂದ ಅದು ಇಷ್ಟು ಸುಖವಾಗಿದ್ದುದನ್ನು ಯಾರೂ ಕಂಡಿರಲಿಲ್ಲ.

“ನೋಡು, ನೋಡು! ಮುಖ ಕಾಣ್ತಿದೆ. ಮೀಸೆಯೋನು. ಒಂದು ಕೆನ್ನೆ ದಪ್ಪ.”

“ಅದು ಗಾಜಲ್ಲಿ ಕಾಣ್ತಿರೋ ದೋನ್ ನಬೋರ್!”

“ನಂದಲ್ಲ ಕಣ್ಣು! ಶುಳ್ಳು!” ಎಂದು ನಬೋರ್ ಚಮಚ ಝಳಪಿಸಿದರು.

ಗಡಿಯಾರ ನೋಡಿದ ಫೌಸ್ತೀನೊಗೆ ಅಳುವುದೊಂದೇ ಬಾಕಿ. ಹಿಂದಿನ ಕೋಣೆಯಲ್ಲಿ ಡಾಕ್ಟರು ಉಪ್ಪು ಬೆರೆಸಿಟ್ಟ ನೀರಿನ ಡ್ರಮ್ಮಿತ್ತು. ಮೀನನ್ನು ಅದರ ನೀರಿನ ಸಮೇತ ಬಕೆಟ್ಟಿಗೆ ಇಳಿಸಿದರು. ತೊಟ್ಟಿ ಬರಿದು ಮಾಡಿದರು. ಮರಳು ತೊಳೆದರು, ಒಂದೊಂದು ಕಲ್ಲನ್ನೂ ಬಾಚಿಹಲ್ಲಿನಂತೆ ಉಜ್ಜಿದರು. ಡ್ರಮ್ಮಿನ ನೀರು ತುಂಬಿಸಿ ಮೀನನ್ನು ಮರಳಿ ಬಿಟ್ಟರು. ಕಂದುಗಸಿ, ಮೊಟ್ಟೆ ಎಲ್ಲ ಸೇರಿದ ನೀರನ್ನು ಇನ್ನೊಂದು ಬಕೆಟ್ಟಿಗೆ ತುಂಬಿಸಿಕೊಂಡು ದೋನ್ಯ ಹೊರಟರು: “ಕಣ್ಣು ಇಳಿದ ನೀರು. ಯಾರೂ ತುಳೀಬಾರ್ದು. ಸಮುದ್ರಕ್ಕೇ ಚೆಲ್ತೀನಿ.”

ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ಹೊಸ ದಂತಪಂಕ್ತಿಯಂತೆ ಫಳಫಳ ಹೊಳೆಯಿತು. ಮೀನು ಮಾತ್ರ ಮೊಟ್ಟೆ ಹುಡುಕುತ್ತ ಸುತ್ತುತ್ತಿತ್ತು.

ಡಾಕ್ಟರು ಎದೆಗೆ ಒಂದು ಡಬ್ಬಿ ಅವಚಿಕೊಂಡು ಬಂದರು. ತೊಟ್ಟಿ ನೋಡಿದರು. ಬಣ್ಣ ಇಳಿಯಿತು. ತೊಟ್ಟಿಯದಲ್ಲ, ಅವರ ಮುಖದ್ದು.

“ಪಾಚಿ ಎಲ್ಲಿ?”

“ಚೂರೂ ಉಳ್ಸಿಲ್ಲ, ಡಾಕ್ಟ್ರೇ!” ಫೌಸ್ತೀನೊ ಎದೆ ಉಬ್ಬಿಸಿದ.

ಡಾಕ್ಟರು ರೋಗಿಯ ಕುರ್ಚಿಯಲ್ಲಿ ತಾವೇ ಕುಸಿದರು. “ಅಯ್ಯೋ ಪುಣ್ಯಾತ್ಮಾ! ಹೊಸ ತೊಟ್ಟಿಗೆ ಅದು ಮಕ್ಕಳಿಗೆ ದಡಾರ ಬಂದ ಹಾಗೆ, ಬಂದೇ ಹೋಗ್ಬೇಕು. ಬೇಗ ಬರ್ಲಿ ಅಂತಲೇ ದೀಪ ಆರಿಸ್ಬೇಡ ಅಂದಿದ್ದು!” ಡಬ್ಬಿ ತೆರೆದರು. ಒಳಗೆ ಸಮುದ್ರದ ಬಸವನಹುಳಗಳು, ಕೊಂಬು ಚಾಚಿ ಹಸಿವಿನಿಂದ ಡಬ್ಬಿಯ ಗೋಡೆ ನೆಕ್ಕುತ್ತಿದ್ದವು. ಬಂದರಿನೂರಿಗೆ ಬೆಟ್ಟದೂರಿನಿಂದ ಸಮುದ್ರದ ಹುಳ ತಂದ ಮೊದಲಿಗರು ಅವರೇ ಇರಬೇಕು. “ಇವಕ್ಕೆ ಪಾಚಿ ಬಿಟ್ರೆ ಬೇರೆ ಊಟ ಇಲ್ಲ. ದಾರೀಲೆಲ್ಲ ಉಪವಾಸ.” ನಿಧಾನವಾಗಿ ಎದ್ದು, ಕುರ್ಚಿ ಒರೆಸಿ, ಮೆತ್ತನೆಯ ದನಿಯಲ್ಲಿ ಕರೆದರು: “ಬಾ, ಫೌಸ್ತೀನೊ. ಸ್ವಲ್ಪವೂ ನೋವಾಗಲ್ಲ.”

“ಒಂದೇ ನಿಮಿಷ, ಡಾಕ್ಟ್ರೇ!”

ಫೌಸ್ತೀನೊ ಕಡಲಕಟ್ಟೆಯ ಕಡೆ ಓಡಿದ ಓಟಕ್ಕೆ ನಾಯಿಗಳೂ ದಾರಿ ಬಿಟ್ಟವು. ದಾರಿಯುದ್ದಕ್ಕೂ ಪರಿಚಯದವರಿಗೆಲ್ಲ ಮೀನಿನ ಕಣ್ಣಿನ ಕತೆ ಹೇಳುತ್ತ ನಿಂತಿದ್ದ ದೋನ್ಯ ಕ್ರೂಸಿತ ಆಗಷ್ಟೇ ಕಟ್ಟೆ ತಲುಪಿ ಬಕೆಟ್ ಎತ್ತಿದ್ದರು.

“ದೋನ್ಯಾ, ನಿಲ್ಲಿ! ಆ ಕಣ್ಣು ವಾಪಸ್ ಬೇಕು!”

“ಬಿಟ್ಟುಹೋದ ಕಣ್ಣನ್ನ ವಾಪಸ್ ಕೇಳೋನು ನೀನೇ ಮೊದಲು ಕಣೋ!” ಎನ್ನುತ್ತ ದೋನ್ಯ ಬೀಸಿ ಚೆಲ್ಲಿಯೇ ಬಿಟ್ಟರು. ಆದರೆ ಉತ್ತರದ ಗಾಳಿ ಅದನ್ನು ಸಮುದ್ರಕ್ಕೆ ಬಿಡಲಿಲ್ಲ. ಅಷ್ಟನ್ನೂ ಎತ್ತಿ ತಂದು ಫೌಸ್ತೀನೊನ ತಲೆಯಿಂದ ಕಾಲಿನವರೆಗೆ ಸುರಿಯಿತು.

ಕಂದುಗಸಿ ಮೆತ್ತಿ, ಕಿವಿಯಲ್ಲಿ ಮೊಟ್ಟೆ ತೂಗಾಡಿಸಿಕೊಂಡು ಅವನು ಬಾಗಿಲಲ್ಲಿ ನಿಂತಾಗ ಡಾಕ್ಟರು ಬಹಳ ಹೊತ್ತು ಅವನ ಅಂಗಿಯನ್ನೇ ನೋಡಿದರು. ಡಬ್ಬಿಯಿಂದ ಒಂದು ಹುಳವನ್ನು ಮೆಲ್ಲಗೆ ತೆಗೆದು ತೋಳಿನ ಮೇಲಿಟ್ಟರು. ಹುಳ ಒಂದು ಕ್ಷಣ ಯೋಚಿಸಿ, ಮೇಯತೊಡಗಿತು.

“ಕೆಲಸ ಉಳೀತು ಅಂದ್ಕೋ,” ಎಂದು ಡಾಕ್ಟರು ಅವನನ್ನು ಕುರ್ಚಿಗೆ ಒರಗಿಸಿ, ಉಳಿದ ಹುಳಗಳನ್ನೂ ಎದೆಯ ಮೇಲೆ ಸುರಿದರು. “ತೊಟ್ಟೀಲಿ ಮತ್ತೆ ಪಾಚಿ ಬರೋವರೆಗೂ ಇಲ್ಲೇ ಇರು. ಯೊಲಾಂದ, ಅಂಗಿ ಒಣಗದ ಹಾಗೆ ಉಪ್ಪುನೀರು ಚಿಮುಕಿಸ್ತಿರು. ದೀಪ ಆರಿಸ್ಬೇಡ.”

ಕುರ್ಚಿಯ ಮೇಲಿನ ದೊಡ್ಡ ದೀಪ ಫೌಸ್ತೀನೊನ ಮುಖಕ್ಕೇ ತಿರುಗಿತು. ದೋನ್ ನಬೋರ್ ಚಮಚ ಹಿಡಿದು ಹತ್ತಿರ ಬಂದು, ಊದಿದ ಬಾಯನ್ನು ಆದಷ್ಟು ತೆರೆದು ನೋಡುತ್ತ ನಿಂತರು. ಬಾಗಿಲಲ್ಲಿ ದೋನ್ಯ ಕ್ರೂಸಿತ ಬುಟ್ಟಿಯಿಂದ ಇನ್ನೊಂದು ಮೊಟ್ಟೆ ತೆಗೆಯುತ್ತಿದ್ದರು.