ಅತ್ತೆಯ ಮುನಿಯ ಹಕ್ಕಿ ಬಣ್ಣ ಬಿಟ್ಟದ್ದು

ಹೆಂಡತಿಯ ತವರಿನಿಂದ ಬಂದ ಯಾವ ವಸ್ತುವೂ ಗಂಡನ ಕೈಯಲ್ಲಿ ಕೆಡಬಾರದು. ಪಾತ್ರೆ ಕಿಲುಬು ಹಿಡಿದರೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದು, ಕೌದಿ ಹರಿದರೆ ತೇಪೆ ಹಾಕಬಹುದು. ಹಕ್ಕಿ ಕೆಟ್ಟರೆ ಏನು ಮಾಡುವುದು? ಏಕೀಕರಣವಾದ ಮರುವರ್ಷ ಈ ಪ್ರಶ್ನೆಯಿಂದಾಗಿ ನನಗೆ ಊಟವೇ ಸೇರದಂತಾಗಿತ್ತು.

ಬೆಟಗೇರಿಯ ನಮ್ಮ ಅತ್ತೆ, ತಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಹಮ್ಮಿಗಿಗೆ ಹೊರಟಾಗ, ತಮ್ಮ ಜೋಡಿ ಕೆಂಪು ಮುನಿಯಗಳ ಪಂಜರವನ್ನು ಗದಗಿನ ನಮ್ಮ ಮನೆಯಲ್ಲಿ ಬಿಟ್ಟರು. ಹೆಬ್ಬೆರಳಿನಷ್ಟು ಹಕ್ಕಿಗಳು. ಗಂಡಿನ ಮೈಯೆಲ್ಲ ಕುಂಕುಮದ ಕೆಂಪು, ಅದರ ಮೇಲೆ ಬಿಳಿ ಚುಕ್ಕೆ. ನಮ್ಮ ಮದುವೆಯಾದ ಮೇಲೆ ಸಂತೆಯಲ್ಲಿ ಕೊಂಡು, ಸ್ವಂತ ಮಗನ ಕೈಗೂ ಕೊಡದ ಪಂಜರ ಅದು. "ಮಾಸ್ತರ್ರ, ನಿಮ್ಮ ಮ್ಯಾಲ ಭರೋಸಾ ಐತ್ರಿ" ಅಂದರು. "ಒಂದು ಗರಿ ಅಲುಗಾಡದಂಗ ನೋಡ್ಕೋತೀನ್ರಿ ಅತ್ತಿ" ಎಂದು ನಾನೂ ಎದೆಯುಬ್ಬಿಸಿದೆ. ಹೊಸ ಅಳಿಯನ ನಾಲಿಗೆ, ಎಲುಬಿಲ್ಲದ್ದು.

ಶಿವರಾತ್ರಿ ಮುಗಿಯುತ್ತಲೇ ಗರಿ ಉದುರತೊಡಗಿದವು. ಶಾಲೆಯಲ್ಲಿ ಹೊಸ ನಕ್ಷೆ ತೂಗುಹಾಕಿ, ಚದುರಿಹೋಗಿದ್ದ ಕನ್ನಡ ನಾಡು ಒಂದಾದ ಬಗೆಯನ್ನು ವರ್ಣಿಸುತ್ತಿದ್ದೆ. ಮನೆಗೆ ಬಂದರೆ ಒಂದಾಗಿದ್ದ ಹಕ್ಕಿ ಪಂಜರದ ತುಂಬ ಚದುರಿರುತ್ತಿತ್ತು. ಗಂಡಿನ ಕುತ್ತಿಗೆ ಬೋಳಾಯಿತು, ಹಾಡು ನಿಂತಿತು, ಕೆಂಪು ಇದ್ದಲ್ಲಿ ಮಣ್ಣಿನ ಬಣ್ಣ ಬರತೊಡಗಿತು.

ನನ್ನ ಹೆಂಡತಿ ನೇಕಾರರ ಮಗಳು. ಬಣ್ಣ ಹೋಯಿತೆಂದರೆ ಆ ಮನೆತನಕ್ಕೆ ಬರುವುದು ಒಂದೇ ಸಂಶಯ. "ಸಂತ್ಯಾಗ ಮಾರಿದಾಂವ ನಮ್ಮವ್ವಗ ಕಚ್ಚಾ ಬಣ್ಣ ಬಳದು ಕೊಟ್ಟಾನ್ರೀ" ಅಂದವಳೇ, ಸೀರೆಯ ಸೆರಗಿನ ಬಣ್ಣ ಪರೀಕ್ಷಿಸುವಂತೆ ಬಿಳಿ ಬಟ್ಟೆ ಒದ್ದೆ ಮಾಡಿ ತಂದಳು. ನಾನು ಹಕ್ಕಿ ಹಿಡಿದೆ, ಅವಳು ಉಳಿದಷ್ಟು ಕೆಂಪನ್ನು ಮೆತ್ತಗೆ ಒರೆಸಿದಳು. ಬಟ್ಟೆಗೆ ಏನೂ ಹತ್ತಲಿಲ್ಲ. ಹಕ್ಕಿ ಮಾತ್ರ ನನ್ನ ಬೆರಳು ಕುಟುಕಿತು. "ಬಣ್ಣ ಪಕ್ಕಾ ಐತಿ" ಎಂದು ತೀರ್ಪಾಯಿತು. ಹಾಗಾದರೆ ಇದು ರೋಗವೇ! ಕುತ್ತಿಗೆಯ ಮೇಲೆ ಮುಳ್ಳಿನಂಥ ಗುಳ್ಳೆಗಳು ಬೇರೆ. ಅತ್ತೆಯ ಹಕ್ಕಿ ನನ್ನ ಕೈಯಲ್ಲೇ ಸಾಯುತ್ತದೆಂದು ನಿಜವಾಗಿಯೂ ಹೆದರಿದೆ.

ಆಮೇಲೆ ಪಂಜರದ ಮುಂದಿನಿಂದ ನಾನು ಏಳಲೇ ಇಲ್ಲ. ಒಂದು ಬೆಳಿಗ್ಗೆ ಆ ಮುಳ್ಳಿನ ತುದಿ ಒಡೆದು ಪುಟ್ಟ ಗರಿಯೊಂದು ಇಣುಕಿತು. ಹೆಂಡತಿ ಹಿತ್ತಲ ಕಡೆ ಕೈ ತೋರಿಸಿದಳು. "ಬಾಜೂ ಮನಿ ಕೋಳಿನೂ ಹೋದ ವರ್ಷ ಹಿಂಗ ಬೋಳಾಗಿ ಹೊಸಾ ಗರಿ ಬಿಟ್ಟಿತ್ತಲ್ರೀ!" ಹಕ್ಕಿ ಹಳೆಯದನ್ನು ಬಿಚ್ಚಿ ಹೊಸದು ಉಡುತ್ತಿತ್ತು, ಅಷ್ಟೇ. ಹೋದ ಜೀವ ಬಂದಂತಾಯಿತು. ಆವತ್ತು ಎರಡು ರೊಟ್ಟಿ ಹೆಚ್ಚೇ ತಿಂದೆ.

ಯುಗಾದಿಗೆ ಅತ್ತೆ ಬಂದರು. ಮಣ್ಣುಬಣ್ಣದ ಗಂಡನ್ನು ಕಂಡು ಗಾಬರಿಯಾದಾರೆಂದು ಮೊದಲು ಅವರನ್ನು ಕೂರಿಸಿ, ಗರಿ ಉದುರುವುದು ರೋಗವಲ್ಲವೆಂದು ತರಗತಿಯಲ್ಲಿ ಹೇಳುವಂತೆಯೇ ವಿವರಿಸಿದೆ. ಅವರು ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿದರು.

"ವರ್ಷಾ ಹಿಂಗ ಆಕ್ಕೈತ್ರಿ ಮಾಸ್ತರ್ರ. ಮಳಿಗಾಲಕ್ಕ ಮತ್ತ ಕೆಂಪಗ ಆಕ್ಕೈತಿ."

"ಮತ್ತ ಹೋಗೂ ಮುಂದ ಒಂದು ಮಾತು ಹೇಳಬಾರದಿತ್ತೇನ್ರಿ ಅತ್ತಿ?"

"ಹೇಳಿದ್ದರ ನೀವು ಅವನ್ನ ಇಷ್ಟು ನೋಡ್ಕೋತಿದ್ರೇನ್ರಿ?"

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ನಾನು ಎದ್ದು ಹೋಗಿ ಪಂಜರದ ನೀರು ಬದಲಿಸಿದೆ.