ಹೇಸರಗತ್ತೆ ನಂಬರ್ 4417ರ ವಂಶವೃಕ್ಷ

ಎರಡನೆಯ ಮಹಾಯುದ್ಧ ಮುಗಿದಿದೆ ಎಂಬುದಕ್ಕೆ ಕೋಲಾರದ ಸೇನಾಪೂರ್ವಜ ಶೋಧನಾ ಘಟಕದಲ್ಲಿ ಯಾವ ದಾಖಲೆಯೂ ಇಲ್ಲ. ಮುಗಿಯಿತೆಂದು ಯಾರೂ ಸುತ್ತೋಲೆ ಕಳಿಸದ ಕಾರಣ ಘಟಕವು ಸದರಿ ಯುದ್ಧವನ್ನು ‘ಚಾಲ್ತಿಯಲ್ಲಿರುವ ಕಡತಗಳು’ ಎಂಬ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಘಟಕ ಇರುವುದು ಟೊಮೆಟೊ ಬಾಕ್ಸ್ ಮಾರುವ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಸಾರ್ವಜನಿಕರು ಬಾಕ್ಸುಗಳ ನಡುವೆ ದಾರಿ ಮಾಡಿಕೊಂಡು ಬರತಕ್ಕದ್ದು ಎಂದು ಮೆಟ್ಟಿಲಿನ ಬಳಿಯೇ ಬರೆದಿದೆ.

ಹಾಗೆ ದಾರಿ ಮಾಡಿಕೊಂಡು ಬಂದವರಲ್ಲಿ ಬೈರಕೂರಿನ ಅಕ್ಕಯಮ್ಮನೂ ಒಬ್ಬಳು. ವಯಸ್ಸು ಎಂಬತ್ತೆರಡು. ಮೊಣಕಾಲೆರಡೂ ಮುಷ್ಕರ ಹೂಡಿದ್ದವು, ನಾಲಿಗೆ ಮಾತ್ರ ಒಂದು ದಿನವೂ ರಜೆ ಹಾಕಿದ್ದಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಕಾಗದ. ಅವಳಿನ್ನೂ ಹೊಟ್ಟೆಯಲ್ಲಿದ್ದಾಗ ಸೈನ್ಯ ಸೇರಿ ಬರ್ಮಾ ಕಡೆ ಹೋದ ಅಪ್ಪ ಮುನಿವೆಂಕಟಪ್ಪ ವಾಪಸ್ ಬರಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ತಾಯಿ ಮುತ್ಯಾಲಮ್ಮ ಕುಂಕುಮ ಅಳಿಸದೆ, ಬಳೆ ತೆಗೆಯದೆ ಐವತ್ತು ವರ್ಷ ಕಾದಳು. ಪ್ರಾಣ ಹೋಗುವಾಗ ಮಗಳ ಕೈ ಹಿಡಿದು, “ಸರ್ಕಾರದ ಕಾಗ್ದ ಬರೋವರ್ಗೂ ನಿಮ್ಮಪ್ಪಂಗೆ ಎಡೆ ಇಕ್ಕಬೇಡ ಕಣೇ. ಬದುಕಿರೋರ್ಗೆ ಎಡೆ ಇಕ್ಕಿದ್ರೆ ಪಾಪ,” ಅಂದಿದ್ದಳು.

ಹೀಗಾಗಿ ಪ್ರತಿ ಮಹಾಲಯ ಅಮಾವಾಸ್ಯೆಗೂ ಆ ಮನೆಯಲ್ಲಿ ಸತ್ತವರೆಲ್ಲ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಮುನಿವೆಂಕಟಪ್ಪ ಒಬ್ಬ ಮಾತ್ರ ನೂರಾ ಐದನೆಯ ವಯಸ್ಸಿನಲ್ಲೂ ಬದುಕಿರುವ ತಪ್ಪಿಗೆ ಉಪವಾಸವಿದ್ದ. ಅಕ್ಕಯಮ್ಮನಿಗೆ ಅದೊಂದೇ ಕೊರಗು. ತಾನು ಕಣ್ಣು ಮುಚ್ಚುವುದರೊಳಗೆ ಅಪ್ಪನಿಗೊಂದು ಎಲೆ ಹಾಕಬೇಕು.

“ಅವರ ಸೇನಾ ನಂಬರ್ ಹೇಳಿ ಅಮ್ಮಾ,” ಎಂದರು ಘಟಕದ ಅಧೀಕ್ಷಕರಾದ ಮುರಳಿಮೋಹನ್.

“ನಾಕು ಸಾವಿರದ ನಾನ್ನೂರ ಹದಿನೇಳು,” ಎಂದಳು ಅಕ್ಕಯಮ್ಮ, ಕೇಳಿದ್ದೇ ತಡ.

ಅಪ್ಪ ಬರೆದ ಒಂದೇ ಒಂದು ಕಾಗದದಲ್ಲಿ ಈ ನಂಬರಿತ್ತು. ಊರಿನ ಮೇಷ್ಟ್ರು ಓದಿ ಹೇಳಿದ್ದನ್ನು ಮುತ್ಯಾಲಮ್ಮ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಆದರೆ ನಂಬರ್ ಹೇಳಬಾರದೆಂದು ಯಾವ ಹಿರಿಯರೂ ಹೇಳಿಲ್ಲವಲ್ಲ. ದೀಪ ಹಚ್ಚುವಾಗ 4417, ರಾಗಿ ಬಿತ್ತುವಾಗ 4417, ಮಗಳ ಮದುವೆಯ ಧಾರೆಯಲ್ಲೂ 4417.

ನಾಲ್ಕು ತಿಂಗಳಿಗೆ ಮೇಲಿನ ಕಚೇರಿಯಿಂದ ಇಪ್ಪತ್ತೆರಡು ಪುಟಗಳ ಉತ್ತರ ಬಂತು. ಅಕ್ಕಯಮ್ಮನ ಮಗ ಚನ್ನರಾಯಪ್ಪ ಅಧೀಕ್ಷಕರ ಮೇಜಿನ ಮುಂದೆ ನಿಂತು ಓದಿದ.

“ನಂಬರ್ 4417. ಬಣ್ಣ: ಕಂದು. ಎತ್ತರ: ನಾಲ್ಕೂವರೆ ಅಡಿ. ಸ್ವಭಾವ: ಸೌಮ್ಯ, ಆದರೆ ಹಿಂದಿನಿಂದ ಹೋಗಿ ಮುಟ್ಟಬಾರದು.”

“ನಮ್ಮಪ್ಪನೇ ಕಣೋ,” ಎಂದು ಅಕ್ಕಯಮ್ಮ ಕಣ್ಣೊರೆಸಿಕೊಂಡಳು.

“ಲಾಳ: ನಾಲ್ಕು. ಬಾಲ: ಒಂದು,” ಎಂದು ಓದಿ ಚನ್ನರಾಯಪ್ಪ ಅಲ್ಲಿಗೇ ನಿಲ್ಲಿಸಿದ.

ಅದು ಹೊರೆ ಹೊರುವ ಹೇಸರಗತ್ತೆಯ ನಂಬರೆಂದು, ಅಪ್ಪ ತಾನು ನಡೆಸುತ್ತಿದ್ದ ಪ್ರಾಣಿಯ ನಂಬರನ್ನೇ ಕಾಗದದಲ್ಲಿ ಬರೆದಿರಬೇಕೆಂದು ಮುರಳಿಮೋಹನ್ ಸಮಾಧಾನವಾಗಿ ತಿಳಿಸಿದರು. ತಾಯಿ ಐವತ್ತು ವರ್ಷ ಯಾರ ಆಯಸ್ಸಿಗೆ ದೀಪ ಹಚ್ಚಿದಳೆಂಬುದು ಅಕ್ಕಯಮ್ಮನಿಗೆ ಆಗ ಗೊತ್ತಾಯಿತು. ಆದರೆ ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ‘11-2-1944. ನದಿ ದಾಟುವಾಗ ಹೊರೆಸಮೇತ ಮುಳುಗಿ ಮರಣ. ಸಂಗಡ ಚಾಲಕ, ಒಬ್ಬ.’

“ಒಬ್ಬ ಅಂದ್ರೆ? ಹೆಸ್ರಿಲ್ವೇನ್ ನಾಯ್ನಾ?”

“ಹೇಸರಗತ್ತೆನ ದುಡ್ಡು ಕೊಟ್ಟು ತಗೊಂಡಿದ್ರು, ಅದಕ್ಕೇ ದಾಖಲೆ ಇದೆ. ನಿಮ್ಮಪ್ಪ ತಾವಾಗೇ ಬಂದಿದ್ರಲ್ಲಮ್ಮ.”

ಮುರಳಿಮೋಹನ್ ಕಲ್ಲು ಮನಸ್ಸಿನವರಲ್ಲ. ನಿಯಮಾವಳಿಯನ್ನು ಎರಡು ದಿನ ತಿರುವಿ ಹಾಕಿ ನಿಯಮ 9ನ್ನು ಹೊರತೆಗೆದರು. ಅದರಂತೆ ಮೃತ ಸಿಬ್ಬಂದಿಯ ಮರಣಪತ್ರವನ್ನು ವಾರಸುದಾರರಿಗೆ ಕೊಡಬಹುದು. ನಂಬರ್ ಇರುವವರೆಲ್ಲರೂ ಸಿಬ್ಬಂದಿಯೇ. ಸಂಗಡ ಸತ್ತ ಕುಟುಂಬಸ್ಥರಿದ್ದರೆ ಅವರ ಹೆಸರನ್ನೂ ಅದೇ ಪತ್ರದಲ್ಲಿ ನಮೂದಿಸಬಹುದು. ಆದ್ದರಿಂದ ಅಕ್ಕಯಮ್ಮ ಹೇಸರಗತ್ತೆಯ ವಂಶಸ್ಥಳೆಂದು ಸಾಬೀತಾದರೆ ಸಾಕಿತ್ತು. ಪ್ರಕಟಣೆ ಹೊರಬಿತ್ತು:

‘ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ದಿವಂಗತ ಹೇಸರಗತ್ತೆ ನಂ. 4417 ಇವರಿಗೆ ಅಕ್ಕಯಮ್ಮ (ತಂದೆ: ಮುನಿವೆಂಕಟಪ್ಪ) ಇವರನ್ನು ಬಿಟ್ಟು ಬೇರೆ ವಾರಸುದಾರರು ಇದ್ದಲ್ಲಿ ಮೂವತ್ತು ದಿನಗಳೊಳಗೆ ಖುದ್ದು ಹಾಜರಾಗತಕ್ಕದ್ದು.’

ಲಕ್ಕೂರಿನಿಂದ ಕದಿರೇಶ ಎಂಬವರು ಹಾಜರಾದರು. ತಮ್ಮ ಮನೆತನದ ಹಠವನ್ನೇ ಸಾಕ್ಷಿಯಾಗಿ ಮುಂದಿಟ್ಟು, ನಿಜವಾದ ವಾರಸುದಾರರು ತಾವೇ ಎಂದರು. ಘಟಕ ಅವರನ್ನು ಒಂದು ಗಂಟೆ ಮಾತಾಡಿಸಿ, ‘ಹೋಲಿಕೆ ಇದೆ, ದಾಖಲೆ ಇಲ್ಲ’ ಎಂದು ಷರಾ ಬರೆದು ಅರ್ಜಿ ವಜಾ ಮಾಡಿತು. ಒಂದು ಗಂಟೆಯ ನಂತರವೂ ಕದಿರೇಶರು ಕುರ್ಚಿ ಬಿಟ್ಟು ಏಳದಿದ್ದುದರಿಂದ ಹೋಲಿಕೆಯ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಎಲ್ಲ ಸುಸೂತ್ರವಾಗಿತ್ತು, ತಾಂತ್ರಿಕ ಅಭಿಪ್ರಾಯಕ್ಕೆಂದು ಬಂದ ಪಶುವೈದ್ಯೆ ವಾಣಿಶ್ರೀ ಕಡತ ಬಿಚ್ಚುವವರೆಗೆ.

“ಸಾರ್, ಕುದುರೆಗೂ ಕತ್ತೆಗೂ ಹುಟ್ಟಿದ ಪ್ರಾಣಿ ಇದು. ಇದಕ್ಕೆ ಮರಿ ಆಗಲ್ಲ. ವಂಶ ಎಲ್ಲಿಂದ ಬರತ್ತೆ?”

ಈ ಒಂದು ಆಕ್ಷೇಪಣೆ ಮಾತ್ರ ನ್ಯಾಯಯುತವಾಗಿತ್ತು. ಮುರಳಿಮೋಹನ್ ನಿಟ್ಟುಸಿರು ಬಿಟ್ಟು ‘ನಿಸ್ಸಂತಾನ’ ಎಂದು ಬರೆದು, ‘ಮುಕ್ತಾಯ’ ಎಂಬ ಮೊಹರನ್ನು ಕೈಗೆತ್ತಿಕೊಂಡರು. ಆ ಮೊಹರು ಬಿದ್ದರೆ ಅಪ್ಪ ಇನ್ನೆಂದಿಗೂ ಸಾಯುವಂತಿರಲಿಲ್ಲ.

“ನಿಲ್ಸು ನಾಯ್ನಾ!” ಎಂದು ಅಕ್ಕಯಮ್ಮ ಮೇಜು ಬಡಿದಳು. “ಮಕ್ಕಳಿಲ್ದೋರು ದತ್ತು ತಗೊಳ್ಳಲ್ವೇನು?”

ಮೊಹರು ಗಾಳಿಯಲ್ಲೇ ನಿಂತಿತು. ವಾಣಿಶ್ರೀ ಯೋಚಿಸಿ, ವೈದ್ಯಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂದರು. ಇನ್ನು ಉಳಿದದ್ದು ಒಂದೇ ಪ್ರಶ್ನೆ: ದತ್ತು ಎನ್ನಬೇಕಾದರೆ ಸಾಕಿ ಸಲಹಿರಬೇಕು, ಇಲ್ಲಿ ಯಾರು ಯಾರನ್ನು ಸಾಕಿದ್ದು?

“ಹೇಸರಗತ್ತೆ ಇದ್ದಿದ್ದಕ್ಕೇ ತಾತಂಗೆ ಕೆಲ್ಸ, ಕೆಲ್ಸ ಇದ್ದಿದ್ದಕ್ಕೇ ಊಟ ಅಲ್ವಾ ಸಾರ್?” ಎಂದ ಚನ್ನರಾಯಪ್ಪ.

ಮುರಳಿಮೋಹನ್ ಎದ್ದು ನಿಂತು ಆದೇಶ ಬರೆಸಿದರು: ‘ಚಾಲಕನಿಗೆ ಅನ್ನ ಹಾಕಿದ್ದು ಹೇಸರಗತ್ತೆಯೇ ಆದ್ದರಿಂದ ದತ್ತು ಸಿಂಧುವಾಗಿದೆ. ಚಾಲಕನು ಯಾರೆಂಬ ಪ್ರಶ್ನೆಗೆ, ಆತ ಸದರಿಯವರ ದತ್ತುಪುತ್ರ ಮುನಿವೆಂಕಟಪ್ಪ. ಮುನಿವೆಂಕಟಪ್ಪ ಯಾರೆಂಬ ಪ್ರಶ್ನೆಗೆ, ಆತ ಸದರಿ ಚಾಲಕ. ಎರಡೂ ಒಂದಕ್ಕೊಂದು ತಾಳೆಯಾಗಿರುವುದರಿಂದ ಬೇರೆ ಪುರಾವೆಯ ಅಗತ್ಯ ಕಂಡುಬರುವುದಿಲ್ಲ.’

ಪತ್ರ ಕೈಗೆ ಬಂದ ದಿನ ಅಕ್ಕಯಮ್ಮ ಅದನ್ನು ಮಗನಿಂದ ಮೂರು ಸಲ ಓದಿಸಿದಳು. ‘ದಿವಂಗತ ಮುನಿವೆಂಕಟಪ್ಪ, ತಂದೆ: ಹೇಸರಗತ್ತೆ ನಂ. 4417, ಮರಣ: 11-2-1944.’ ಅಪ್ಪನ ಹೆಸರು ಸರ್ಕಾರದ ಕಾಗದವೊಂದರಲ್ಲಿ ಬಂದದ್ದು ಅದೇ ಮೊದಲು. ಹೆಸರು ಯಾವುದೆಂದು ತೋರಿಸಿಕೊಂಡು ಬೆರಳಿಟ್ಟು ಮುಟ್ಟಿದಳು. ಎಂಬತ್ತೆರಡು ವರ್ಷ ಹಿಡಿದಿಟ್ಟಿದ್ದ ಅಳು ಆಗ ಬಂತು. ಟೊಮೆಟೊ ಬಾಕ್ಸುಗಳ ನಡುವೆಯೇ ಕುಕ್ಕರಿಸಿ ಕೂತು, ಅಪ್ಪ ಅಂದೇ ಸತ್ತವನಂತೆ ಬಾಯಿಬಿಟ್ಟು ಅತ್ತಳು. ಮುರಳಿಮೋಹನ್ ಕೆಳಗಿಳಿದು ಬಂದು ಘಟಕದ ಪರವಾಗಿ ಎರಡು ನಿಮಿಷ ಮೌನ ಆಚರಿಸಿದರು, ಇಬ್ಬರಿಗೂ ಸೇರಿ.

ಊರಿನಲ್ಲಿ ಯಾರೂ ಮೂಗು ಮುರಿಯಲಿಲ್ಲ. ಸರ್ಕಾರದ ಮೊಹರು ಬಿದ್ದ ಮೇಲೆ ಸಂಬಂಧ ಸಂಬಂಧವೇ. ಅಮಾವಾಸ್ಯೆಯ ದಿನ ನೆಂಟರಿಷ್ಟರೆಲ್ಲ ಬಂದರು. ಅಕ್ಕಯಮ್ಮ ಹೊಸ ಪಂಚೆ ಮಡಿಸಿಟ್ಟು, ಅಪ್ಪನ ಎಲೆಗೆ ಮುದ್ದೆ, ಕೋಳಿ ಸಾರು, ಒಬ್ಬಟ್ಟು ತನ್ನ ಕೈಯಾರೆ ಬಡಿಸಿ, “ತಡ ಆಯ್ತು, ಬೈಕೋಬೇಡ ಕಣಪ್ಪೋ,” ಎಂದು ಕೈಮುಗಿದಳು. ಪಕ್ಕದಲ್ಲಿ, ಹಿರಿತನಕ್ಕೆ ತಕ್ಕಂತೆ ಒಂದು ಗೇಣು ಮುಂದಕ್ಕೆ, ಇನ್ನೊಂದು ಎಲೆ ಹಾಸಿತ್ತು. ಚನ್ನರಾಯಪ್ಪನ ಹೆಂಡತಿ ಭಾರತಮ್ಮ ಒಲೆಯ ಮುಂದೆ ಹುರುಳಿಯ ಮೊರ ಹಿಡಿದು ನಿಂತಿದ್ದಳು.

“ಅತ್ತೇ, ಮುತ್ತಾತಂಗೆ ಹುರುಳಿ ಹಂಗೇ ಇಕ್ಲಾ, ಬೇಯ್ಸಿ ಇಕ್ಲಾ?”

“ಬೇಯ್ಸಮ್ಮ,” ಎಂದಳು ಅಕ್ಕಯಮ್ಮ. “ವಯಸ್ಸಾಗಿರತ್ತೆ, ಹಲ್ಲೆಲ್ಲಿ ಉಳ್ಕೊಂಡಿರ್ತವೆ.”