ಬಾರದ ನೀರಿಗೊಂದು ಸೈರನ್ ಮಂಜೂರು ಮಾಡುವ ಕುರಿತು

ಇಂದ:
ಬಟ್ಟೆ ಹೊಲಿಯುವಾಕೆ, ಪ್ರವಾಹದ ಸೈರನ್ ನೋಡಿಕೊಳ್ಳುವ ಅಧಿಕಾರಿಯ ಹೆಂಡತಿ,
ನದಿ ಪಕ್ಕದ ತಗ್ಗುಬೀದಿ

ಗೆ:
ಮುಖ್ಯಾಧಿಕಾರಿಗಳು, ಪ್ರವಾಹ ನಿಯಂತ್ರಣ ಕಚೇರಿ

ಮಾನ್ಯರೇ,

ವಿಷಯ: ನೀರು ಬಾರದಿದ್ದರೂ ಒಮ್ಮೆ ಸೈರನ್ ಕೂಗಿಸಲು ನನ್ನ ಯಜಮಾನರಿಗೆ ಮುಂಗಡ ಅನುಮತಿ ಕೋರಿ.
ಉಲ್ಲೇಖ: ಹೋದ ವರ್ಷ ಹಾಗೆ ಕೂಗಿಸಿದ್ದಕ್ಕೆ ತಾವು ಅವರಿಗೆ ಕೊಟ್ಟ ನೋಟಿಸು.

೧. ಹಠಾತ್ ಪ್ರವಾಹ ಬಂದಾಗ ಯಾರು ಎಷ್ಟು ಬೇಗ ನಿರ್ಧಾರ ತೆಗೆದುಕೊಳ್ಳುತ್ತಾರೆಂದು ಅಳೆಯಲು ತಾವು ಕಂಪ್ಯೂಟರಿನಲ್ಲಿ ಸುಳ್ಳು ಪ್ರವಾಹ ಹರಿಸಿ ಅಭ್ಯಾಸ ಮಾಡಿಸುತ್ತೀರಷ್ಟೆ. ತಡವಾದರೂ ಅಂಕ ಕಡಿತ, ಅವಸರಪಟ್ಟರೂ ಕಡಿತ. ಆದರೆ "ಸ್ಪಷ್ಟೀಕರಣ ಕೋರಿದೆ" ಎಂಬ ಗುಂಡಿ ಒತ್ತಿದರೆ ಉತ್ತರ ಬರುವವರೆಗೆ ಗಡಿಯಾರವೂ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ. ಆದಕಾರಣ ಇಡೀ ಕಚೇರಿ ಆ ಗುಂಡಿಯನ್ನೇ ಒತ್ತಲು ಕಲಿತಿದೆ. ನನ್ನ ಯಜಮಾನರಿಗೆ ಪ್ರಥಮ ಸ್ಥಾನ.

೨. ಮೊನ್ನೆ, ಅವರ ರಜೆಯ ದಿನ, ಬೀದಿಯ ಚರಂಡಿ ಉಕ್ಕಿ ನಮ್ಮ ಹೊಸ್ತಿಲು ದಾಟಿತು.

"ಏನ್ರೀ, ನೀರು ಒಳಗೆ ಬಂತು! ಮಾವನ್ನ ಎತ್ಕೊಳ್ಳೋಣ, ಬನ್ನಿ" ಎಂದೆ.

"ತಡಿಯೇ, ಎಲ್ಲಿಂದ ಬರ್ತಿದೆ ಅಂತ ವಿಚಾರಿಸ್ತೀನಿ" ಎಂದು ಫೋನು ಹಿಡಿದರು.

ನಡೆಯಲಾಗದೆ ಮಂಚದ ಮೇಲಿದ್ದ ಮಾವನವರು, "ನಮ್ಮನೆಗೇ ಬರ್ತಿದೆ ಕಣೋ! ಅದರ ಊರು ಕೇರಿ ಕೇಳ್ಕೊಂಡು ಏನ್ ಮಾಡ್ತೀಯ?" ಎಂದರು.

ತಮ್ಮ ಕಚೇರಿಯಲ್ಲಿ ಫೋನೆತ್ತಿದ ಪುಣ್ಯಾತ್ಮರು ಲಿಖಿತವಾಗಿ ಕಳಿಸಿ ಎಂದರಂತೆ. ಇವರು ಮೊಣಕಾಲುದ್ದ ನೀರಿನಲ್ಲಿ ನಿಂತೇ ಬರೆಯತೊಡಗಿದರು. ಆದ್ದರಿಂದ ಪಕ್ಕದ ಮನೆಯ ಬಡಗಿಯನ್ನು ಕೂಗಿ, ನಾವಿಬ್ಬರೇ ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿಗೆ ಸಾಗಿಸಿದೆವು.

೩. ಅದು ಚರಂಡಿ. ನದಿಗೆ ಅಷ್ಟು ಸೌಜನ್ಯವಿರಲಾರದು. ನಮ್ಮ ಬೀದಿಯಲ್ಲಿ ನಡೆಯಲಾಗದ ಮುದುಕರಿದ್ದಾರೆ, ಬಾಣಂತಿಯರಿದ್ದಾರೆ. ಎಲ್ಲರ ಜೀವವೂ ಇವರ ಒಂದು ಬೆರಳಿನಲ್ಲಿದೆ, ಆ ಬೆರಳು ಸೈರನ್ ಬಿಟ್ಟು ಸ್ಪಷ್ಟೀಕರಣದ ಗುಂಡಿಯನ್ನೇ ಹುಡುಕುತ್ತದೆ. ಇವರು ಹೇಡಿಯಲ್ಲ. ಆಮೇಲೆ ಕೇಳಿದ್ದಕ್ಕೆ, "ಸೈರನ್ ಕೂಗಿಸಿ ನೀರು ಬರ್ದೇ ಹೋದ್ರೆ ಏನೇ ಮಾಡ್ಲಿ?" ಎಂದು ತಲೆ ತಗ್ಗಿಸಿದರು. ನೀರಿಗಿಂತ ತಮ್ಮ ನೋಟಿಸೇ ಅವರ ಕುತ್ತಿಗೆಯವರೆಗೆ ಬಂದಿದೆ.

ಆದ್ದರಿಂದ ಆ ಗುಂಡಿಯನ್ನು ಕಿತ್ತುಹಾಕಿಸಬೇಕು. ಸಾಧ್ಯವಿಲ್ಲವಾದರೆ ಅಂಥದ್ದೊಂದನ್ನು ನದಿಗೂ ಹಾಕಿಸಿಕೊಡಬೇಕು. ಹಾಗೂ ಈ ಮಳೆಗಾಲಕ್ಕೆ ಒಂದು ತಪ್ಪು ಸೈರನ್ನನ್ನು ಮೊದಲೇ ಮಂಜೂರು ಮಾಡಬೇಕು. ಸೈರನ್ ಕೇಳಿ ಸುಮ್ಮನೆ ದಿಬ್ಬಕ್ಕೆ ಓಡಿಬಂದವರು ಬೈದರೆ ಅಲ್ಲೇ ನಿಂತು ನಾನೇ ಬೈಸಿಕೊಳ್ಳುತ್ತೇನೆ. ಬೈಯಲು ಎಲ್ಲರೂ ಉಳಿದಿರಬೇಕು, ಅಷ್ಟೆ.

ತಮ್ಮ ವಿಶ್ವಾಸಿ,
(ಸದ್ಯಕ್ಕೆ ಒಣನೆಲದಿಂದ)

ಲಗತ್ತುಗಳು:
ಯಜಮಾನರ ಪ್ರಥಮ ಸ್ಥಾನದ ಪ್ರಶಸ್ತಿಪತ್ರ (ಒದ್ದೆಯಾಗಿದೆ)
ಮಾವನವರ ಹೇಳಿಕೆ (ಕೆಲವು ಪದಗಳನ್ನು ತೆಗೆಯಲಾಗಿದೆ)

ವಿ.ಸೂ.: ಉತ್ತರವನ್ನು ಮಹಡಿಗೆ ತಲುಪಿಸಬೇಕಾಗಿ ಕೋರಿಕೆ. ತಮ್ಮ ಮಂಜೂರಾತಿ ಬರುವವರೆಗೆ ಮಾವನವರು ಕೆಳಗಿಳಿಯಲು ಒಪ್ಪುತ್ತಿಲ್ಲ.